ತಾಳವಾಡಿ ದಾರಿಗೆ ಯಾವ ಗಾಡಿ: ಕಾರ್ಬುರೇಟರೋ, ಇಂಜೆಕ್ಷನ್ನೋ?



ಕಾರ್ಬುರೇಟರ್ ಇರುವ ಹಳೆಯ ಗಾಡಿಯನ್ನೇ ರಿಪೇರಿ ಮಾಡಿಸಿ ಇಟ್ಟುಕೊಳ್ಳುವುದೋ, ಅದನ್ನು ಮಾರಿ ಎಫ್‌ಐ ಗಾಡಿ ತೆಗೆದುಕೊಳ್ಳುವುದೋ ಎಂದು ತಾಳವಾಡಿ ಕಡೆಯ ಸದಸ್ಯರು ಆಗಾಗ ಕೇಳುತ್ತಾರೆ. ಹೊಸೂರಿನವರು ಕೇಳಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಅಲ್ಲಿ ಗಾಡಿ ನಿಂತರೆ ಪಕ್ಕದಲ್ಲೇ ಗ್ಯಾರೇಜು, ಇಲ್ಲವೇ ಆಟೋ. ದಿಂಬಂನಿಂದ ತಲಮಲೆ ಮೇಲೆ ತಾಳವಾಡಿಗೆ ಬರುವ ದಾರಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಕಾಡಿನಲ್ಲಿ ಹಾದುಬರುತ್ತದೆ. ಸಂಜೆ ಐದೂವರೆಗೆ ಅಲ್ಲಿ ಗಾಡಿ ಕೆಟ್ಟರೆ ಮೊದಲು ನೆನಪಾಗುವುದು ಮೆಕ್ಯಾನಿಕ್ ಅಲ್ಲ, ಆನೆ. ಆದ್ದರಿಂದ ಮೈಲೇಜು, ಪಿಕಪ್ಪು ಆಮೇಲೆ. ಯಾವುದು ದಾರಿಯಲ್ಲಿ ಕೈಕೊಡುವುದು ಕಡಿಮೆ, ಕೊಟ್ಟರೂ ಯಾವುದನ್ನು ನಾವೇ ಎಬ್ಬಿಸಿಕೊಂಡು ಮನೆ ಸೇರಬಹುದು ಎಂದು ಮೊದಲು ನೋಡಬೇಕು.

ಹೊಚ್ಚ ಹೊಸ ಗಾಡಿ ಕೊಳ್ಳುವವರಿಗೆ ಆಯ್ಕೆ ಹೆಚ್ಚುಕಡಿಮೆ ಉಳಿದಿಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಬಂದಿತು. ಸ್ಪ್ಲೆಂಡರ್, ಆಕ್ಟಿವಾ ಎಲ್ಲವೂ ಇಂಜೆಕ್ಷನ್‌ಗೆ ಬದಲಾದವು. ಹೊಸೂರಿನಲ್ಲಿ ಕಾರ್ಖಾನೆ ಇರುವ ಟಿವಿಎಸ್‌ನವರ ಎಕ್ಸ್‌ಎಲ್ 100, ಅಂದರೆ ಹಾಲಿನ ಕ್ಯಾನು, ಟೊಮೆಟೊ ಕ್ರೇಟು, ಗೊಬ್ಬರದ ಮೂಟೆ ಎಲ್ಲ ಹೊರುವ ನಮ್ಮ ಹಳ್ಳಿಯ ಮೊಪೆಡ್ಡು ಕೂಡ ಬದಲಾಯಿತು. ಕಡಿಮೆ ಬೆಲೆಯ ಒಂದೆರಡು ಮಾದರಿಗಳಲ್ಲಿ ಮಾತ್ರ ಎಲೆಕ್ಟ್ರಾನಿಕ್ ಕಾರ್ಬುರೇಟರ್ ಉಳಿಯಿತು. ಹಾಗಾಗಿ ಈ ಪ್ರಶ್ನೆ ಮುಖ್ಯವಾಗಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರದು, ಹಳೆಯದನ್ನು ಬಿಡಲಾಗದವರದು. (ಎಸ್ಟೇಟ್, ರೆಸಾರ್ಟುಗಳಲ್ಲಿ ಓಡಿಸುವ ನಾಲ್ಕು ಚಕ್ರದ ಎಟಿವಿ ಬಗ್ಗೆಯೂ ಯುವಕರು ಕೇಳುವುದುಂಟು. ಅದಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ರಸ್ತೆ ನೋಂದಣಿ ಸಿಗುವುದಿಲ್ಲ. ಎಂಜಿನ್ ವಿಚಾರದಲ್ಲಿ ಮುಂದಿನ ಮಾತು ಅದಕ್ಕೂ ಸಲ್ಲುತ್ತದೆ.)

ಕಾರ್ಬುರೇಟರ್ ಕೆಲಸ ಮಾಡುವುದು ಗಾಳಿಯ ಸೆಳೆತದಿಂದ. ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಅದು ಇಕ್ಕಟ್ಟಾದ ಗಂಟಲಿನಲ್ಲಿ ಜೋರಾಗಿ ನುಗ್ಗುತ್ತದೆ. ಅಲ್ಲಿ ಒತ್ತಡ ಇಳಿದು, ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲು ಜೆಟ್ ಎಂಬ ಸಣ್ಣ ತೂತಿನಿಂದ ಮೇಲೆ ಬರುತ್ತದೆ. ಇದಕ್ಕೆ ಕರೆಂಟು ಬೇಡ. ಎಫ್‌ಐನಲ್ಲಿ ಟ್ಯಾಂಕಿನೊಳಗಿನ ವಿದ್ಯುತ್ ಪಂಪು ಪೆಟ್ರೋಲನ್ನು ಒತ್ತಡದಲ್ಲಿ ಕಳಿಸುತ್ತದೆ. ಸೆನ್ಸರುಗಳು ಹೇಳಿದ್ದನ್ನು ಕೇಳಿ, ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕೆಂದು ಒಂದು ಪುಟ್ಟ ಕಂಪ್ಯೂಟರ್ ತೀರ್ಮಾನಿಸುತ್ತದೆ. ಇಲ್ಲಿ ಎಲ್ಲದಕ್ಕೂ ಕರೆಂಟು ಬೇಕು. ಎರಡರ ಗುಣ, ದೋಷ ಎರಡೂ ಹುಟ್ಟುವುದು ಇಲ್ಲಿಂದಲೇ.

ಬೆಟ್ಟಕ್ಕೆ ಎಫ್‌ಐ ಮಾತ್ರ ಲಾಯಕ್ಕು ಎಂದು ಮಾರಾಟಗಾರರು ಹೇಳುತ್ತಾರೆ. ಎತ್ತರ ಏರಿದಂತೆ ಗಾಳಿ ತೆಳುವಾಗುವುದು ನಿಜ. ಕಾರ್ಬುರೇಟರ್ ಅದನ್ನು ಅರಿಯದೆ ಪೆಟ್ರೋಲು ಹೆಚ್ಚು ಬಿಡುವುದೂ ನಿಜ. 5,300 ಮೀಟರ್‌ಗೂ ಎತ್ತರದ ಲಡಾಖ್‌ನ ಖರ್ದುಂಗ್ ಲಾದಲ್ಲಿ ಇದು ದೊಡ್ಡ ತೊಂದರೆ. ನಮ್ಮ ದಿಂಬಂ ಸುಮಾರು 1,100 ಮೀಟರ್. ಇಷ್ಟಕ್ಕೆ ಗಾಳಿ ನೂರಕ್ಕೆ ಹತ್ತು ಪಾಲಿನಷ್ಟು ತೆಳು, ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚುವುದು ಅದರ ಅರ್ಧದಷ್ಟು. ಗಾಡಿ ಸ್ವಲ್ಪ ಮಂಕಾಗುತ್ತದೆ, ಪ್ಲಗ್ ಸ್ವಲ್ಪ ಕಪ್ಪಾಗುತ್ತದೆ, ಅಷ್ಟೇ. ಇನ್ನೊಂದು ಮಾತು: ತೆಳು ಗಾಳಿಯಲ್ಲಿ ಎಫ್‌ಐ ಗಾಡಿಯ ಶಕ್ತಿಯೂ ಕುಗ್ಗುತ್ತದೆ. ಅದು ಮಿಶ್ರಣವನ್ನು ಸರಿಮಾಡೀತು, ಇಲ್ಲದ ಗಾಳಿಯನ್ನು ತಂದುಕೊಡಲಾರದು. ಬರೀ ಎತ್ತರದ ಕಾರಣಕ್ಕೆ ಹಳೆಯ ಗಾಡಿ ಮಾರಬೇಡಿ.

ಗಾಡಿ ಎಷ್ಟು ದಿನ ನಿಂತಿರುತ್ತದೆ ಎಂಬುದು ಎತ್ತರಕ್ಕಿಂತ ಮುಖ್ಯ. ನಮ್ಮ ಮನೆಯ ಕಾರ್ಬುರೇಟರ್ ಗಾಡಿ ಒಮ್ಮೆ ಎರಡು ತಿಂಗಳು ಕೊಟ್ಟಿಗೆಯಲ್ಲೇ ನಿಂತಿತ್ತು. ಆಮೇಲೆ ಎಷ್ಟು ಒದ್ದರೂ ಏಳಲಿಲ್ಲ. ಊರಿನ ಮೆಕ್ಯಾನಿಕ್ ಬಟ್ಟಲು ಬಿಚ್ಚಿ, ಒಳಗಿನ ಅಂಟು ತೋರಿಸಿ, “ಗಾಡಿ ಚೆನ್ನಾಗದ ಕಣಣ್ಣ, ಪೆಟ್ರೋಲೇ ಹಳಸೋಗದ” ಎಂದ. ಇಪ್ಪತ್ತು ನಿಮಿಷದ ಕೆಲಸ. ಇದೇ ಅಂಟು ಎಫ್‌ಐ ಗಾಡಿಯ ಇಂಜೆಕ್ಟರಿನಲ್ಲಿ ಕಟ್ಟಿದರೆ ಸುಲಭಕ್ಕೆ ಹೋಗುವುದಿಲ್ಲ. ಅದಕ್ಕೆ ಬೇರೆ ಯಂತ್ರವೇ ಬೇಕು. ಅದಕ್ಕಾಗಿ ಚಾಮರಾಜನಗರಕ್ಕೋ ಸತ್ಯಮಂಗಲಕ್ಕೋ ಗಾಡಿ ಸಾಗಿಸಬೇಕಾದೀತು. ಹಾಗೆಯೇ ಪೆಟ್ಟಿ ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವ ಪೆಟ್ರೋಲನ್ನು ಕಾರ್ಬುರೇಟರ್ ಹೇಗೋ ಸಹಿಸಿಕೊಳ್ಳುತ್ತದೆ, ಎಫ್‌ಐ ಸಹಿಸುವುದಿಲ್ಲ.

ಈಗಂತೂ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥನಾಲ್ ಬೆರೆತ ಇ20. ಎಥನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪು, ವಾಷರುಗಳನ್ನು ಮೆತ್ತಗಾಗಿಸುತ್ತದೆ. ಅದು ಮಿಶ್ರಣವನ್ನು ತೆಳು ಮಾಡುತ್ತದೆ, ಎತ್ತರವೋ ದಪ್ಪ ಮಾಡುತ್ತದೆ. ದಿಂಬಂ ಮೇಲೆ ಎರಡೂ ಸರಿದೂಗುತ್ತವೆ ಎಂದು ತಮಾಷೆಗೆ ಹೇಳಬಹುದು, ಆದರೆ ರಬ್ಬರಿಗೆ ತಮಾಷೆ ತಿಳಿಯದು. ಹಳೆಯ ಗಾಡಿ ಉಳಿಸಿಕೊಳ್ಳುವವರು ಪೆಟ್ರೋಲ್ ಪೈಪನ್ನು ಒಮ್ಮೆ ಬದಲಾಯಿಸಿ. ವಾರಗಟ್ಟಲೆ ನಿಲ್ಲಿಸುವುದಿದ್ದರೆ ಕಾಕ್ ಮುಚ್ಚಿ, ಎಂಜಿನ್ ತಾನೇ ನಿಲ್ಲುವ ತನಕ ಓಡಿಸಿ ಬಟ್ಟಲು ಖಾಲಿ ಮಾಡಿ. ಆಮ್ಲಜನಕ ಸೆನ್ಸರ್ ಇರುವ ಬಿಎಸ್-6 ಗಾಡಿ ಮಿಶ್ರಣವನ್ನು ತಾನೇ ಸರಿಹೊಂದಿಸಿಕೊಳ್ಳುತ್ತದೆ.

ಇನ್ನು ಬ್ಯಾಟರಿ. ಅದು ಪೂರ್ತಿ ಸತ್ತರೆ ಕಾರ್ಬುರೇಟರ್ ಗಾಡಿ ಹೆಚ್ಚಿನವು ಕಿಕ್ಕರಿನಲ್ಲಿ ಏಳುತ್ತವೆ. ಎಫ್‌ಐನಲ್ಲಿ ಪಂಪು ಓಡದಿದ್ದರೆ ಇಳಿಜಾರಿನಲ್ಲಿ ತಳ್ಳಿದರೂ ಪ್ರಯೋಜನವಿಲ್ಲ. ಕೆಲವು ಮಾದರಿಗಳಲ್ಲಿ ಬ್ಯಾಟರಿ ಸೊರಗಿದ್ದರೂ ಕಿಕ್ಕರ್ ಒದ್ದಾಗ ಹುಟ್ಟುವ ಕರೆಂಟಿನಲ್ಲೇ ಪಂಪು ಎದ್ದುಕೊಳ್ಳುತ್ತದೆ. ಯಾವುದರಲ್ಲಿ ಹಾಗಾಗುತ್ತದೆ ಎಂದು ಕೊಳ್ಳುವ ಮುನ್ನ ಕೇಳಿ. ಕಿಕ್ಕರೇ ಇಲ್ಲದ ಗಾಡಿಯನ್ನು ನಾನಂತೂ ತಲಮಲೆ ದಾರಿಗೆ ತೆಗೆದುಕೊಳ್ಳಲಾರೆ. ಕೊಟ್ಟಿಗೆಯಲ್ಲಿ ನಿಲ್ಲಿಸುವವರಿಗೆ ಇಲಿಯ ಕಾಟವೂ ಇದೆ. ಒಂದು ವೈರು ಕಡಿದರೆ ಎಫ್‌ಐ ಗಾಡಿ ಅಲ್ಲೇ ನಿಲ್ಲಬಹುದು. ಎಫ್‌ಐ ಗಾಡಿಯಲ್ಲಿ ತಿರುಗಿಸಿಕೊಳ್ಳಲು ರಿಸರ್ವ್ ಕಾಕ್ ಇರುವುದಿಲ್ಲ. ಪಂಪು ತಣ್ಣಗಿರುವುದೂ ಟ್ಯಾಂಕಿನ ಪೆಟ್ರೋಲಿನಿಂದಲೇ. ಮುಳ್ಳು ಕೆಂಪಿಗೆ ಬರುವ ತನಕ ಓಡಿಸುವ ಅಭ್ಯಾಸ ಬಿಡಿ.

ಉರುಳಿ ಬಿದ್ದಾಗಿನ ಒಂದು ವಿಷಯ ಹಲವರಿಗೆ ಗೊತ್ತಿಲ್ಲ. ಅನೇಕ ಎಫ್‌ಐ ಗಾಡಿಗಳಲ್ಲಿ ವಾಲಿಕೆ ಗುರುತಿಸುವ ಸೆನ್ಸರ್ ಇದೆ. ಗಾಡಿ ಮಗುಚಿದ ಕೂಡಲೇ ಎಂಜಿನ್ ನಿಲ್ಲುತ್ತದೆ, ಎತ್ತಿ ನಿಲ್ಲಿಸಿ ಬಟನ್ ಒತ್ತಿದರೆ ಏಳುವುದಿಲ್ಲ. ಕೆಟ್ಟಿತೆಂದು ಗಾಬರಿಯಾಗಬೇಡಿ, ಕೀ ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿ. ಕಾರ್ಬುರೇಟರ್ ಗಾಡಿಯಾದರೆ ಬಟ್ಟಲಿನ ಪೆಟ್ರೋಲು ಎಂಜಿನ್ನಿಗೆ ನುಗ್ಗಿರುತ್ತದೆ. ಚೋಕ್ ಎಳೆಯದೆ, ಆಕ್ಸಲರೇಟರ್ ಪೂರ್ತಿ ತಿರುಗಿಸಿಕೊಂಡು ಒದೆಯಿರಿ.

ದಿಂಬಂನ 27 ತಿರುವುಗಳನ್ನು ಬಣ್ಣಾರಿಗೆ ಇಳಿಯುವಾಗ ಪೆಟ್ರೋಲು ಉಳಿಸಲೆಂದು ನ್ಯೂಟ್ರಲ್ ಮಾಡುವವರಿದ್ದಾರೆ. ಎಫ್‌ಐ ಬೈಕಿನಲ್ಲಿ ಇದು ತಿರುಗುಮುರುಗು ಲೆಕ್ಕ. ಗೇರಿನಲ್ಲಿ ಆಕ್ಸಲರೇಟರ್ ಬಿಟ್ಟು ಇಳಿದರೆ ಇಂಜೆಕ್ಟರ್ ಸಾಮಾನ್ಯವಾಗಿ ಮುಚ್ಚಿಕೊಂಡುಬಿಡುತ್ತದೆ. ನ್ಯೂಟ್ರಲ್ ಮಾಡಿದರೇ ಎಂಜಿನ್ ತಿರುಗುತ್ತಿರಲು ಪೆಟ್ರೋಲು ಬೇಕು. ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಬ್ರೇಕು ಕಾಯುವುದಿಲ್ಲ. ಕಾರ್ಬುರೇಟರ್‌ನಲ್ಲಿ ಉಳಿತಾಯ ಅಷ್ಟಿಲ್ಲ, ಆದರೂ ಗೇರಿನಲ್ಲೇ ಇಳಿಯಿರಿ. ಎಕ್ಸ್‌ಎಲ್‌ನಲ್ಲಿ ವೇಗ ಇಳಿದಾಗ ಕ್ಲಚ್ ತಾನೇ ಬಿಟ್ಟುಕೊಳ್ಳುವುದರಿಂದ ಎಂಜಿನ್ ಹಿಡಿತ ಇರುವುದಿಲ್ಲ. ಮೂಟೆ ಹೇರಿಕೊಂಡು ಇಳಿಯುವವರು ಇದನ್ನು ನೆನಪಿಡಿ.

ನನ್ನ ಅಭಿಪ್ರಾಯ ಹೀಗಿದೆ. ದಿನವೂ ಚಾಮರಾಜನಗರಕ್ಕೋ ಸತ್ಯಮಂಗಲಕ್ಕೋ ಓಡಾಡುವವರು, ಬೆಳಗಿನ ಚಳಿಯಲ್ಲಿ ಒಂದೇ ಸಲಕ್ಕೆ ಗಾಡಿ ಏಳಬೇಕೆನ್ನುವವರು ಎಫ್‌ಐ ತೆಗೆದುಕೊಳ್ಳಲಿ. ದಿನವೂ ಓಡುವ ಗಾಡಿಯ ಬ್ಯಾಟರಿ ಸಾಯುವುದು ಅಪರೂಪ, ಪೆಟ್ರೋಲು ಹಳಸುವುದೂ ಇಲ್ಲ. ತೋಟಕ್ಕೆ ವಾರಕ್ಕೊಮ್ಮೆ ಮಾತ್ರ ಹೋಗುವ ಗಾಡಿ, ಊರಿನ ಮೆಕ್ಯಾನಿಕ್ ಕೈಗೆ ಪಳಗಿದ ಗಾಡಿ ಕಾರ್ಬುರೇಟರಿನದೇ ಇರಲಿ.

ಸೆಕೆಂಡ್ ಹ್ಯಾಂಡ್ ಎಫ್‌ಐ ನೋಡಲು ಹೋದಾಗ ಎಂಜಿನ್ ತಣ್ಣಗಿದೆಯೇ ಎಂದು ಮೊದಲು ಮುಟ್ಟಿ ನೋಡಿ. ಕೀ ಆನ್ ಮಾಡಿದ ಕೂಡಲೇ ಟ್ಯಾಂಕಿನಿಂದ ಎರಡು ಮೂರು ಸೆಕೆಂಡು ಗುಂಯ್ ಎಂಬ ಸದ್ದು ಬರಬೇಕು, ಅದು ಪಂಪಿನದು. ಮೀಟರಿನ ಎಂಜಿನ್ ದೀಪ ಕೀ ಆನ್ ಆದಾಗ ಹತ್ತಿ, ಗಾಡಿ ಎದ್ದ ಮೇಲೆ ಆರಬೇಕು. ಹತ್ತದೇ ಇದ್ದರೂ ಅನುಮಾನಪಡಿ, ದೀಪವನ್ನೇ ಕಿತ್ತಿರಬಹುದು.

ಕೆಎ-10 ನಂಬರಿನ ಗಾಡಿ ಅಗ್ಗಕ್ಕೆ ಸಿಗುತ್ತದೆಂದು ಗಡಿಯಾಚೆಯಿಂದ ತರುವವರಿಗೆ ಒಂದು ಮಾತು. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ತಮಿಳುನಾಡಿನಲ್ಲಿ ಇಟ್ಟುಕೊಂಡರೆ ಇಲ್ಲಿ ಮರುನೋಂದಣಿ ಮಾಡಿಸಬೇಕು, ಅದಕ್ಕೆ ಅಲ್ಲಿನ ಆರ್‌ಟಿಒ ಎನ್‌ಒಸಿ ಬೇಕು. ಇಲ್ಲಿ ಕಟ್ಟಬೇಕಾದ ತೆರಿಗೆಯನ್ನೂ ಸೇರಿಸಿ ಬೆಲೆ ಲೆಕ್ಕ ಹಾಕಿ. ಎನ್‌ಒಸಿ ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ.