ಅರಮನೆ ಪಿಂಗಾಣಿಯ ಚಿತ್ರಭಾಷೆ

ಚೀನಾದ ಜಿಯಾಂಗ್‌ಶಿ ಪ್ರಾಂತ್ಯದ ಜಿಂಗ್‌ಡೆಜೆನ್ ಊರಿನಲ್ಲಿ ಮಿಂಗ್ (1368–1644) ಮತ್ತು ಚಿಂಗ್ (1644–1911) ಅರಸರಿಗೆಂದೇ ಪಿಂಗಾಣಿ ಸುಡುವ ಆವಿಗೆಗಳಿದ್ದವು. ಅಲ್ಲಿ ತಯಾರಾದ ತಟ್ಟೆ, ಬಟ್ಟಲು, ಹೂದಾನಿಗಳ ಮೇಲಿನ ಚಿತ್ರಗಳು ಅಂದಕ್ಕಷ್ಟೇ ಬರೆದವಲ್ಲ. ಅವು ಬಳಸುವವರ ಅಂತಸ್ತನ್ನು ಸಾರುತ್ತಿದ್ದವು, ಒಳಿತನ್ನು ಹಾರೈಸುತ್ತಿದ್ದವು.

ಅಂತಸ್ತಿನ ಗುರುತುಗಳಲ್ಲಿ ಮೊದಲನೆಯದು ಡ್ರ್ಯಾಗನ್. ಚೀನೀಯರಿಗೆ ಅದು ಕೇಡಿನ ಮೃಗವಲ್ಲ, ಮಳೆ ಸುರಿಸುವ ದೈವ. ಐದು ಉಗುರಿನ ಡ್ರ್ಯಾಗನ್ ಚಕ್ರವರ್ತಿಯ ಲಾಂಛನವಾದರೆ, ಫೀನಿಕ್ಸ್ ಪಟ್ಟದರಸಿಯದು. ಚಿಂಗ್ ಅರಮನೆಯಲ್ಲಿ ಬಣ್ಣಕ್ಕೂ ಕಟ್ಟಳೆಯಿತ್ತು. ಒಳಹೊರಗೆ ಹಳದಿಯಾದ ಪಾತ್ರೆ ಚಕ್ರವರ್ತಿ, ಪಟ್ಟದರಸಿ ಮತ್ತು ರಾಜಮಾತೆಗೆ ಮೀಸಲು. ಹೊರಗೆ ಹಳದಿ, ಒಳಗೆ ಬಿಳಿ ಇದ್ದರೆ ಅದು ಅವರ ನಂತರದ ಸ್ಥಾನದ ಹಿರಿಯ ರಾಣಿಯದು.

ಹಾರೈಕೆಯ ಚಿತ್ರಗಳಲ್ಲಿ ಹಲವು ಹುಟ್ಟಿದ್ದು ಉಚ್ಚಾರಣೆಯ ಹೋಲಿಕೆಯಿಂದ. ಚೀನೀ ಭಾಷೆಯಲ್ಲಿ ಬಾವಲಿಯ ಹೆಸರಿನಲ್ಲಿರುವ ‘ಫು’ ಭಾಗ್ಯಕ್ಕೂ ಸಲ್ಲುತ್ತದೆ. ಮೀನು, ಸಮೃದ್ಧಿ ಎರಡೂ ‘ಯು’. ಐದು ಬಾವಲಿಗಳೆಂದರೆ ದೀರ್ಘಾಯುಷ್ಯ, ಸಿರಿ, ಆರೋಗ್ಯ, ಸದ್ಗುಣ ಮತ್ತು ನೆಮ್ಮದಿಯ ಸಾವು ಎಂಬ ಪಂಚಭಾಗ್ಯ. ಇನ್ನು ಕೆಲವು ಚಿತ್ರಗಳ ಅರ್ಥ ವಸ್ತುವಿನ ಗುಣದಲ್ಲೇ ಇದೆ. ಒಡಲ ತುಂಬ ಬೀಜವಿರುವ ದಾಳಿಂಬೆ ಮಕ್ಕಳ ಭಾಗ್ಯವನ್ನೂ, ಚಳಿಗೆ ಬಾಡದ ಪೈನ್, ಬಿದಿರು ಮತ್ತು ಚಳಿಯಲ್ಲೇ ಅರಳುವ ಪ್ಲಮ್ ಹೂ ಕಷ್ಟದಲ್ಲೂ ಕುಗ್ಗದ ಮನಸ್ಸನ್ನೂ ಸೂಚಿಸುತ್ತವೆ. ಕಮಲ, ಶಂಖ, ಚಕ್ರಗಳು ಭಾರತದಿಂದ ಹೊರಟ ಬೌದ್ಧಧರ್ಮದೊಡನೆ ಬಂದವು.

ಯೋಂಗ್‌ಝೆಂಗ್ ಚಕ್ರವರ್ತಿಯ (1723–1735) ಕಾಲದ ಪೀಚ್ ತಟ್ಟೆಗಳಲ್ಲಿ ಈ ಭಾಷೆ ಸೊಗಸಾಗಿ ಕಾಣುತ್ತದೆ. ತಟ್ಟೆಯ ಹೊರಮೈಯಲ್ಲಿ, ಬುಡದ ಬಳಿ ಹೊರಟ ಪೀಚ್ ಕೊಂಬೆ ಅಂಚನ್ನು ದಾಟಿ ಒಳಮೈಯಲ್ಲಿ ಹೂ ಬಿಟ್ಟು ಹಣ್ಣಾಗುತ್ತದೆ. ಸುತ್ತ ಕೆಂಪು ಬಾವಲಿಗಳು ಹಾರುತ್ತವೆ. ಪೀಚ್ ದೀರ್ಘಾಯುಷ್ಯದ ಹಣ್ಣು. ಹಣ್ಣಿಗೆ ಕೆಂಪೇರಿಸುವ ಗುಲಾಬಿ ಬಣ್ಣಕ್ಕೆ ಚಿನ್ನದ ಸೂಕ್ಷ್ಮ ಕಣಗಳು ಬೇಕು. ಅದು ಆಗಿನ್ನೂ ಹೊಸ ಬಣ್ಣ. ಈ ತಟ್ಟೆಗಳಲ್ಲಿ ಸಾಮಾನ್ಯವಾಗಿ ಎಂಟು ಪೀಚ್‌ಗಳಿದ್ದರೆ, ಮುಂದಿನ ಚಕ್ರವರ್ತಿ ಚಿಯಾನ್‌ಲಾಂಗ್‌ನ ಕಾಲದ ಹೂದಾನಿಗಳಲ್ಲಿ ಒಂಬತ್ತು. ಒಂಬತ್ತು ಎಂಬುದಕ್ಕೂ ‘ಬಹುಕಾಲ’ ಎಂಬುದಕ್ಕೂ ಚೀನೀಯರಲ್ಲಿ ಒಂದೇ ಉಚ್ಚಾರ: ‘ಜಿಯು’.

ಪಾತ್ರೆಯ ತಳದಲ್ಲಿ ರಾಜವಂಶದ ಮತ್ತು ಆಳ್ವಿಕೆಯ ಹೆಸರಿರುವ ಮುದ್ರೆ ಇರುವುದುಂಟು. ಆದರೆ ಹಿಂದಿನವರ ಮೇಲಿನ ಗೌರವಕ್ಕೋ ಮೋಸಕ್ಕೋ ಹಳೆಯ ಮುದ್ರೆಯನ್ನು ಹೊಸ ಪಾತ್ರೆಗೆ ಹಾಕಿದ್ದೂ ಇದೆ. ಆದ್ದರಿಂದ ಕಾಲನಿರ್ಣಯ ಮಾಡುವ ತಜ್ಞರು ಮುದ್ರೆಯೊಂದನ್ನೇ ನಂಬದೆ, ಜೇಡಿ, ಮೆರುಗು, ಬಣ್ಣಗಳ ಜೊತೆಗೆ ಚಿತ್ರ ಬರೆದ ರೀತಿಯನ್ನೂ ಪರಿಶೀಲಿಸುತ್ತಾರೆ.