ಅರವತ್ತು ಓಮ್ ಲೆಕ್ಕ ಬಲ್ಲ ಮೇಸ್ತ್ರಿ

"ಎಬಿಎಸ್ ಮಾತಾಡ್ತಿಲ್ಲ ಅಂತ ಮಾತ್ರ ಇದು ಹೇಳುತ್ತೆ ಸಾರ್. ಯಾಕೆ ಮಾತಾಡ್ತಿಲ್ಲ ಅನ್ನೋದನ್ನ ನಾವೇ ಹುಡುಕ್ಬೇಕು" ಎನ್ನುತ್ತಾ ಮೇಸ್ತ್ರಿ ಸ್ಕ್ಯಾನರನ್ನು ಸೀಟಿನ ಮೇಲಿಟ್ಟರು. ಬೆಂಗಳೂರಿನ ಜೆ.ಸಿ. ರಸ್ತೆಯ ಪಕ್ಕದ ಗಲ್ಲಿಯೊಂದರ ಆಟೋ ಎಲೆಕ್ಟ್ರಿಷಿಯನ್ ಅಂಗಡಿ. ಪರದೆಯ ಮೇಲೆ ಯು0121 ಎಂಬ ಕೋಡ್, ಡ್ಯಾಶ್‌ಬೋರ್ಡಿನಲ್ಲಿ ಸಾಲಾಗಿ ಎಚ್ಚರಿಕೆ ದೀಪ. ಬ್ರೇಕಿನ ಎಬಿಎಸ್ ಮಾಡ್ಯೂಲನ್ನೇ ಬದಲಿಸಬೇಕು ಎಂದು ಬೇರೆ ಕಡೆ ಹೇಳಿಸಿಕೊಂಡು ಬಂದಿದ್ದ ಕಾರು ಅದು.

ಮೇಸ್ತ್ರಿ ಬ್ಯಾಟರಿಯ ಟರ್ಮಿನಲ್ ಕಳಚಿದರು. ಸ್ಟಿಯರಿಂಗ್ ಕೆಳಗೆ ಕುಕ್ಕರಗಾಲಲ್ಲಿ ಕೂತು, ಸ್ಕ್ಯಾನರ್ ಕೂಡಿಸುವ ಒಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳಿಗೆ ಮಲ್ಟಿಮೀಟರ್ ಹಿಡಿದರು. 120 ಓಮ್ ಬಂತು. "ಅರವತ್ತು ಬರ್ಬೇಕಿತ್ತು. ವೈರು ಎಲ್ಲೋ ಕಟ್ ಆಗಿದೆ, ಮಾಡ್ಯೂಲ್ ಚೆನ್ನಾಗೇ ಇರುತ್ತೆ ಬಿಡಿ."

ಆ ಅರವತ್ತರ ಲೆಕ್ಕ ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ಇಂದಿನ ಕಾರಿನಲ್ಲಿ ಎಂಜಿನ್ನಿಗೆ, ಬ್ರೇಕಿಗೆ, ಏರ್‌ಬ್ಯಾಗಿಗೆ ಒಂದೊಂದು ಪುಟ್ಟ ಕಂಪ್ಯೂಟರ್, ಅಂದರೆ ಮಾಡ್ಯೂಲ್. ಅವೆಲ್ಲ ಮಾತಾಡಿಕೊಳ್ಳುವುದು ಒಂದಕ್ಕೊಂದು ಸುತ್ತಿದ ಎರಡು ತೆಳು ತಂತಿಗಳ ಮೇಲೆ. ಬಾಷ್ ಕಂಪನಿ 1986ರಲ್ಲಿ ಪರಿಚಯಿಸಿದ ಈ ವ್ಯವಸ್ಥೆಯೇ ಕ್ಯಾನ್. ಎರಡೂ ತಂತಿ ಸುಮ್ಮನಿದ್ದಾಗ ಎರಡೂವರೆ ವೋಲ್ಟ್. ಸಂದೇಶ ಹೊರಟಾಗ ಒಂದು ಮೂರೂವರೆಗೆ ಏರುತ್ತದೆ, ಇನ್ನೊಂದು ಒಂದೂವರೆಗೆ ಇಳಿಯುತ್ತದೆ. ಕಂಪ್ಯೂಟರ್ ಓದುವುದು ಎರಡರ ನಡುವಿನ ವ್ಯತ್ಯಾಸವನ್ನು. ಸುತ್ತಿದ ತಂತಿಗಳಾದ್ದರಿಂದ ಹೊರಗಿನ ವಿದ್ಯುತ್ ಗದ್ದಲ ಎರಡಕ್ಕೂ ಒಂದೇ ಸಮನೆ ತಟ್ಟುತ್ತದೆ, ವ್ಯತ್ಯಾಸ ಹಾಗೇ ಉಳಿಯುತ್ತದೆ. ಸಾಲಿನ ಎರಡು ತುದಿಗಳಲ್ಲೂ 120 ಓಮ್‌ನ ಒಂದೊಂದು ರೆಸಿಸ್ಟರ್. ಎರಡೂ ಕೂಡಿದ್ದರೆ ಮೀಟರಿನಲ್ಲಿ 60. ಒಂದು ತುದಿ ಕಡಿದುಹೋದರೆ 120. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿ ತಾಗಿಕೊಂಡಿವೆ. 40 ಬಂದರೆ? ಹೊರಗಿನಿಂದ ಕೂಡಿಸಿದ ಯಾವುದೋ ಉಪಕರಣದಲ್ಲಿ ಮೂರನೆಯ ರೆಸಿಸ್ಟರ್ ಇದೆ! ಒಂದು ಅಂಕಿಯಿಂದ ಇಷ್ಟೆಲ್ಲ ತಿಳಿಯುವುದು ನನಗಂತೂ ದೊಡ್ಡ ಬೆರಗು.

ಮುಂದಿನ ಎಡ ಚಕ್ರದ ಒಳಗಿನ ಪ್ಲಾಸ್ಟಿಕ್ ಬಿಚ್ಚಿ, ವೈರಿಂಗಿನ ಟೇಪ್ ಬಿಡಿಸುತ್ತಾ ಹೋದಾಗ ಸಿಕ್ಕಿತು: ಇಲಿ ಕಡಿದ ಜಾಗ. ಎರಡರಲ್ಲಿ ಒಂದು ತಂತಿ ಪೂರ್ತಿ ತುಂಡು. ಹುಡುಗ ಟಾರ್ಚ್ ಹಿಡಿದ, ಮೇಸ್ತ್ರಿ ಬೆಸುಗೆ ಹಾಕಿ ಸ್ಲೀವ್ ಏರಿಸಿದರು. ಬೆಸುಗೆಗಿಂತ ಹೆಚ್ಚು ಹೊತ್ತು ಹಿಡಿದದ್ದು ಎರಡು ತಂತಿಗಳನ್ನು ಮೊದಲಿದ್ದಷ್ಟೇ ಬಿಗಿಯಾಗಿ ಮತ್ತೆ ಸುತ್ತಲು. ಈ ಸಲ ಮೀಟರಿನಲ್ಲಿ ಅರವತ್ತು ಬಂತು. ಕೋಡ್ ಅಳಿಸಿದ ಮೇಲೆ ದೀಪಗಳೂ ಆರಿದವು. ಇಂಥ ಕೆಲಸವೂ ಒಂದು ದಿನ ಯಂತ್ರದ ಪಾಲಾದೀತೇ?

ಆಕ್ಸ್‌ಫರ್ಡ್‌ನ ಸಂಶೋಧಕರಾದ ಫ್ರೇ ಮತ್ತು ಆಸ್ಬೋರ್ನ್ 2013ರಲ್ಲಿ 702 ಉದ್ಯೋಗಗಳನ್ನು ತೂಗಿ, ಅಮೆರಿಕದ ಕೆಲಸಗಳಲ್ಲಿ ಶೇ 47ರಷ್ಟಕ್ಕೆ ಯಂತ್ರಗಳಿಂದ ಹೆಚ್ಚಿನ ಅಪಾಯವಿದೆ ಎಂದಿದ್ದರು. ಅವರು ಪರಿಣತರ ಜೊತೆ ಕೂತು ನೇರವಾಗಿ ಗುರುತು ಹಾಕಿದ್ದು 70 ಉದ್ಯೋಗಗಳಿಗೆ. ಮಿಕ್ಕದ್ದನ್ನು ಗಣಿತದ ಮಾದರಿ ಊಹಿಸಿತು. ವಾಹನದ ಎಲೆಕ್ಟ್ರಾನಿಕ್ ಉಪಕರಣ ಕೂರಿಸುವವರೂ ರಿಪೇರಿ ಮಾಡುವವರೂ ಆ ಪಟ್ಟಿಯಲ್ಲಿ ಒಂದೇ ಉದ್ಯೋಗ. ನನ್ನ ತಕರಾರು ಇರುವುದು ಅಲ್ಲೇ. ಕೂರಿಸುವ ಕೆಲಸದ ಹಣೆಬರಹ ಬೇರೆ, ಹುಡುಕಿ ಸರಿಪಡಿಸುವ ಕೆಲಸದ್ದು ಬೇರೆ.

ಕೂರಿಸುವ ಕೆಲಸ ಹೋಗುತ್ತಿದೆ, ಅದರಲ್ಲಿ ಅನುಮಾನವಿಲ್ಲ. 1930ರಲ್ಲಿ ಗ್ಯಾಲ್ವಿನ್ ಕಂಪನಿ ಮೋಟೊರೋಲಾ ಹೆಸರಿನ ಕಾರ್ ರೇಡಿಯೊ ತಂದಾಗಿನಿಂದ ಈ ಕಸುಬಿಗೆ ಅನ್ನ ಕೊಟ್ಟದ್ದು ಕಂಪನಿ ಕೊಡದ್ದನ್ನು ಹೊರಗೆ ಹಾಕಿಸಿಕೊಳ್ಳುವ ಗಿರಾಕಿ. ಈಗ ಟಚ್‌ಸ್ಕ್ರೀನ್ ಡ್ಯಾಶ್‌ಬೋರ್ಡಿನ ಭಾಗವಾಗಿಯೇ ಬರುತ್ತದೆ. ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ 2019ರ ಜುಲೈ 1ರಿಂದ ಕಡ್ಡಾಯ, ಹಾಗಾಗಿ ಅದೂ ಕಾರ್ಖಾನೆಯದೇ. ಬೆಂಗಳೂರಿನದೇ ಆದ ಏಥರ್ ಸ್ಕೂಟರು ನಿಂತಲ್ಲೇ ಹೊಸ ಸಾಫ್ಟ್‌ವೇರ್ ಇಳಿಸಿಕೊಳ್ಳುತ್ತದೆ. ಬಸ್ಸು, ಟ್ಯಾಕ್ಸಿಗಳಿಗೆ ಟ್ರ್ಯಾಕರ್ ಮತ್ತು ಪ್ಯಾನಿಕ್ ಬಟನ್ ಕಡ್ಡಾಯವಾದದ್ದರಿಂದ ಒಂದಿಷ್ಟು ಹೊಸ ಕೆಲಸ ಹುಟ್ಟಿತು, ನಿಜ. ಹೊಸ ಗಾಡಿಗಳಲ್ಲಿ ಅದೂ ಮೊದಲೇ ಕೂತು ಬಂದರೆ ಆ ದಾರಿಯೂ ಮುಚ್ಚುತ್ತದೆ.

ರಿಪೇರಿ ಅಷ್ಟು ಸುಲಭಕ್ಕೆ ಯಂತ್ರದ ಪಾಲಾಗದು. ಬಾಗುವ, ಜೋತುಬೀಳುವ ತಂತಿ ಹಿಡಿಯುವುದು ರೋಬೊಟ್‌ಗಳಿಗೆ ಕಷ್ಟ. ಕಾರಿನ ವೈರಿಂಗ್ ಕಿಟ್ಟನ್ನು ಇವತ್ತಿಗೂ ಕಾರ್ಖಾನೆಗಳಲ್ಲಿ ಬಹುಪಾಲು ಕೈಯಲ್ಲೇ ಜೋಡಿಸುತ್ತಾರೆ. ಹೊಸದನ್ನು ಹಲಗೆಯ ಮೇಲೆ ಹರಡಿ ಕಟ್ಟುವುದೇ ಹೀಗಾದರೆ, ಹತ್ತು ವರ್ಷ ಮಳೆ, ಧೂಳು ತಿಂದ ಕಾರಿನೊಳಗೆ ಕೈ ತೂರಿಸಿ ಹುಡುಕುವ ಯಂತ್ರ ಸದ್ಯಕ್ಕೆಲ್ಲಿ ಬಂದೀತು?

ನನ್ನ ಚಿಂತೆ ಟಾರ್ಚ್ ಹಿಡಿದಿದ್ದ ಹುಡುಗನದು. ಮೇಸ್ತ್ರಿ ಕಸುಬು ಕಲಿತದ್ದು ಹಾರ್ನ್ ರಿಲೇ, ಫಾಗ್ ಲ್ಯಾಂಪ್, ಸ್ಟೀರಿಯೊ ಕೂರಿಸುತ್ತಾ. ಬಾಡಿ ಅರ್ತ್ ಎಂದರೇನು, ಫ್ಯೂಸ್ ಯಾಕೆ ಹೋಗುತ್ತದೆ ಎಂಬುದೆಲ್ಲ ಆ ಸಣ್ಣ ಕೆಲಸಗಳಲ್ಲೇ ಕೈಗೆ ಹತ್ತಿತು. ತಪ್ಪಿದರೂ ನಷ್ಟ ಸಣ್ಣದು. ಯಾಂತ್ರೀಕರಣ ಮೊದಲು ನುಂಗುತ್ತಿರುವುದು ಈ ಕೆಳಗಿನ ಮೆಟ್ಟಿಲನ್ನೇ. ಮೇಲಿನ ಕೆಲಸ ಉಳಿದರೂ ಅಲ್ಲಿಗೆ ಏರುವವರು ಎಲ್ಲಿಂದ ಬರಬೇಕು? ಪಟ್ಟಿ ಮಾಡಿ ಶೇಕಡಾವಾರು ಹಾಕುವ ಅಧ್ಯಯನಗಳು ಇದನ್ನು ಕೇಳುವುದಿಲ್ಲ.

ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೇರಿಸಲಾಗಿದೆ. ಒಳ್ಳೆಯದೇ. ಅಲ್ಲಿ ಬೇಕೆಂದೇ ತಂತಿ ಕತ್ತರಿಸಿಟ್ಟ ಹಳೆಯ ಕಾರೂ ಇರಬೇಕು, ಸಂಜೆಯೊಳಗೆ ದೋಷ ಹುಡುಕುವ ಪಾಠವೂ ಇರಬೇಕು. ಇನ್ನೊಂದು, ವೈರಿಂಗ್ ಡಯಾಗ್ರಾಂ. ಮೇಸ್ತ್ರಿಯ ಫೋನಿನಲ್ಲಿ ಇರುವವು ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಕೈಗೆ ದಾಟಿ ಬಂದ ಮಸುಕು ಪುಟಗಳು, ಕೆಲವು ಬೇರೆ ವರ್ಷದ ಮಾದರಿಯವು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ತೆರೆದ ರಿಪೇರಿ ಹಕ್ಕಿನ ಪೋರ್ಟಲ್‌ನಲ್ಲಿ ವಾಹನಗಳಿಗೂ ಜಾಗವಿದೆ. ಪ್ರತಿ ಮಾದರಿಯ ಪೂರ್ತಿ ಡಯಾಗ್ರಾಂ, ಕೋಡುಗಳ ವಿವರ ಗಲ್ಲಿಯ ಅಂಗಡಿಗೂ ಕೈಗೆಟಕುವ ಬೆಲೆಗೆ ಸಿಗುವಂತೆ ಕಂಪನಿಗಳನ್ನು ಕಾನೂನಿನಿಂದಲೇ ಕಟ್ಟಿಹಾಕಬೇಕು, ಅದೂ ಕಾರು ಮಾರುಕಟ್ಟೆಗೆ ಬರುವ ದಿನವೇ.