ನಮ್ಮ ಬಾವುಟದ ಎರಡು ಬಣ್ಣ



ನವೆಂಬರ್ 1 ಬಂತೆಂದರೆ ಊರೂರಲ್ಲಿ ಹಳದಿ-ಕೆಂಪು ಬಾವುಟ ಹಾರುತ್ತದೆ. ಆಟೋದ ಮೇಲೆ ನೋಡಿದ್ದೇವೆ. ಬಸ್ ನಿಲ್ದಾಣದಲ್ಲಿ ನೋಡಿದ್ದೇವೆ. ಇದನ್ನು ಮಾಡಿದವರು ಯಾರು? ಈ ಎರಡು ಬಣ್ಣ ಯಾಕೆ? ಬನ್ನಿ, ತಿಳಿಯೋಣ.

ನಾಡು ಒಂದಾಯಿತು

ಮೊದಲು ಕನ್ನಡದ ಜನ ಹರಿದು ಹಂಚಿ ಹೋಗಿದ್ದರು. ಮೈಸೂರಿನವರು ಒಂದು ಕಡೆ. ಧಾರವಾಡ, ಬೆಳಗಾವಿ ಮುಂಬಯಿಗೆ ಸೇರಿದ್ದವು. ರಾಯಚೂರು, ಬೀದರ್ ಹೈದರಾಬಾದಿಗೆ ಸೇರಿದ್ದವು. ಮಂಗಳೂರು ಮದ್ರಾಸಿಗೆ ಸೇರಿತ್ತು. ಕೊಡಗು ಬೇರೆಯೇ ಇತ್ತು. 1956ರ ನವೆಂಬರ್ 1ರಂದು ಇವೆಲ್ಲ ಕೂಡಿ ಒಂದು ರಾಜ್ಯವಾಯಿತು. ಆಗ ಅದರ ಹೆಸರು ಮೈಸೂರು ರಾಜ್ಯ. 1973ರ ನವೆಂಬರ್ 1ರಂದು ಕರ್ನಾಟಕ ಎಂದು ಹೆಸರಿಟ್ಟರು.

ಬಾವುಟ ಬಂತು

ನಾಡು ಒಂದಾಯಿತು. ಆದರೆ ಕನ್ನಡಿಗರಿಗೆ ಅಂತ ಒಂದು ಬಾವುಟ ಇರಲಿಲ್ಲ. 1960ರ ನಂತರದ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಚಳವಳಿ ಜೋರಾಗಿ ನಡೆಯಿತು. ಅದರ ಮುಂದಾಳುಗಳಲ್ಲಿ ಮ. ರಾಮಮೂರ್ತಿ ಒಬ್ಬರು. ಅವರು ಕಾದಂಬರಿ ಬರೆಯುತ್ತಿದ್ದರು. ಹಳದಿ-ಕೆಂಪು ಬಾವುಟವನ್ನು ರೂಪಿಸಿದವರು ಅವರೇ.

1967ರಲ್ಲಿ ಬಾವಿ ತೋಡುವಾಗ ಮಣ್ಣು ಕುಸಿಯಿತು. ರಾಮಮೂರ್ತಿ ಮತ್ತು ಅವರ ಇಬ್ಬರು ಗಂಡು ಮಕ್ಕಳು ತೀರಿಕೊಂಡರು. ಅವರು ಕೊಟ್ಟ ಬಾವುಟ ಉಳಿಯಿತು.

ಇದು ಜನರ ಬಾವುಟ

ಈ ಬಾವುಟವನ್ನು ಯಾವ ರಾಜನೂ ಕೊಡಲಿಲ್ಲ. ಯಾವ ಕಾನೂನೂ ಮಾಡಲಿಲ್ಲ. ಜನರೇ ಒಪ್ಪಿ ಹಾರಿಸಿದರು. 2018ರಲ್ಲಿ ರಾಜ್ಯ ಸರ್ಕಾರ ಬೇರೊಂದು ಬಾವುಟ ತೋರಿಸಿತು. ಅದರಲ್ಲಿ ಹಳದಿ, ಬಿಳಿ, ಕೆಂಪು ಪಟ್ಟಿ ಇದ್ದವು. ನಡುವೆ ಎರಡು ತಲೆಯ ಗಂಡಭೇರುಂಡ ಹಕ್ಕಿ ಇತ್ತು. ಕೇಂದ್ರ ಸರ್ಕಾರದ ಒಪ್ಪಿಗೆ ಕೇಳಿದರು. ಅದು ಬಳಕೆಗೆ ಬರಲಿಲ್ಲ. ಜನ ಹಳೆಯ ಬಾವುಟವನ್ನೇ ಹಾರಿಸುತ್ತಾರೆ.

ಒಂದು ಮಾತು ನೆನಪಿಡಿ. ಹಳದಿ ಮೇಲೆ, ಕೆಂಪು ಕೆಳಗೆ. ದೇಶದ ತ್ರಿವರ್ಣ ಧ್ವಜ ಇದ್ದರೆ, ಅದಕ್ಕಿಂತ ಮೇಲೆ ಬೇರೆ ಯಾವ ಬಾವುಟವನ್ನೂ ಹಾರಿಸಬಾರದು.

ಬಣ್ಣದ ಅರ್ಥ

ಹಳದಿ ಅಂದ್ರೆ ಅರಿಶಿನ, ಕೆಂಪು ಅಂದ್ರೆ ಕುಂಕುಮ ಎನ್ನುತ್ತಾರೆ. ಹಳದಿ ಶಾಂತಿ, ಕೆಂಪು ಧೈರ್ಯ ಎಂದೂ ಹೇಳುತ್ತಾರೆ.

ಕಳೆದ ವರ್ಷ ನಮ್ಮ ಕಲಿಕಾ ಕೇಂದ್ರದಲ್ಲಿ ಬಾವುಟ ಹೊಲಿದೆವು. ಎಲ್ಲರೂ ಸೂಜಿ ಹಿಡಿದರು. ಒಬ್ಬ ಅಕ್ಕ ಮಾತ್ರ ದೂರ ಕೂತರು. ಅವರ ಗಂಡ ತೀರಿಕೊಂಡು ಆರು ವರ್ಷವಾಗಿತ್ತು. "ಅರಿಶಿನ ಕುಂಕುಮ ಮುಟ್ಟಬೇಡ ಅಂತಾರೆ ಟೀಚರಮ್ಮ. ಈ ಬಾವುಟ ನಾನು ಮುಟ್ಟಬಹುದಾ?" ಅಂತ ಕೇಳಿದರು.

ನಮಗೆ ತಕ್ಷಣ ಮಾತು ಹೊರಡಲಿಲ್ಲ. ಆಗ ಒಬ್ಬ ಅಜ್ಜಿ ಕೇಳಿದರು: "ದಿನಾ ಸಾರಿಗೆ ಅರಿಶಿನ ಹಾಕೋದಿಲ್ವಾ? ಮಗ ಬಿದ್ದು ಗಾಯವಾದ್ರೆ ಹಚ್ಚೋದಿಲ್ವಾ? ಅದೇ ಅರಿಶಿನಕ್ಕೆ ಸುಣ್ಣ ಹಾಕಿ ಕಲಸು, ಕೆಂಪಾಗುತ್ತೆ. ಇದರಲ್ಲಿ ನಿಂದು ಯಾವುದು, ನಂದು ಯಾವುದು?"

ಎಲ್ಲರೂ ನಕ್ಕರು. ನಾವೂ ಹೇಳಿದೆವು: "ಇದು ಜನರ ಬಾವುಟ. ನೀವೂ ಈ ನಾಡಿನವರೇ. ಕೂಲಿ ಮಾಡಿ ಇಬ್ಬರು ಮಕ್ಕಳನ್ನು ಸಾಕಿದ್ದೀರಿ. ಧೈರ್ಯದ ಬಣ್ಣ ನಿಮ್ಮದಲ್ಲದೆ ಇನ್ನಾರದು?"

ಆ ಅಕ್ಕ ಹತ್ತಿರ ಬಂದರು. ಕೆಂಪು ಬಟ್ಟೆಯ ಅಂಚನ್ನು ಅವರೇ ಹೊಲಿದರು. ನವೆಂಬರ್ 1ರಂದು ಹಗ್ಗ ಎಳೆದವರೂ ಅವರೇ. ಅಂಥ ಮಾತಿಗೆ ಹೆದರಿ ನಿಮ್ಮಲ್ಲೂ ಯಾರಾದರೂ ದೂರ ಕೂತಿದ್ದರೆ, ಕೈ ಹಿಡಿದು ಕರೆಯಿರಿ.

ಉತ್ತರ ಬರೆಯಿರಿ

1. ಬಾವುಟದಲ್ಲಿ ಯಾವ ಬಣ್ಣ ಮೇಲಿದೆ?
2. ಬಾವುಟ ರೂಪಿಸಿದವರು ಯಾರು?
3. ನಿಮ್ಮ ಊರಿನಲ್ಲಿ ಬಾವುಟದ ಹಗ್ಗ ಎಳೆಯುವವರು ಯಾರು? ಹೆಂಗಸರು ಎಳೆದಿದ್ದಾರೆಯೇ?